ಕಾಣದ ಕೆಲಸವೂ ಆಪ್ತವಾಕ್ಯವೂ

ಕಳೆದ ಆಷಾಢದಲ್ಲಿ ನಮ್ಮ ಮನೆಯ ಹಳೆಯ ಕಾರಿನ ಎಡಮಗ್ಗುಲ ಮುಂಬಾಗಿಲಿನ ಗಾಜು ಅರ್ಧಕ್ಕೆ ಇಳಿದು ನಿಂತುಬಿಟ್ಟಿತು. ಇಷ್ಟು ಅಲ್ಪವಾದೊಂದು ಸಂಗತಿಯನ್ನು ಹಿಡಿದು ಸಾಹಿತ್ಯಪತ್ರಿಕೆಯ ಪುಟಗಳನ್ನು ತುಂಬಹೊರಟಿರುವನಲ್ಲಾ ಎಂದು ವಾಚಕಮಹಾಶಯರು ನಗಬಹುದು. ನಗಲಿ. ತರ್ಕಶಾಸ್ತ್ರವು ಘಟಪಟಗಳನ್ನೂ ಅಡುಗೆಮನೆಯ ಹೊಗೆಯನ್ನೂ ಹಿಡಿದುಕೊಂಡೇ ಬೆಳೆಯಿತಲ್ಲದೆ ದೇವಲೋಕದ ವಸ್ತುಗಳನ್ನು ಹಿಡಿದಲ್ಲ. ಆ ಗಾಜನ್ನು ಏರಿಸುವ ಮೋಟಾರನ್ನು ಬದಲಿಸಿದ ಒಂದು ಮಧ್ಯಾಹ್ನದಲ್ಲಿ ನನಗೆ ಎದುರಾದ ಪ್ರಶ್ನೆಯು ಹೀಗಿದೆ: ಯಾರ ಕಣ್ಣಿಗೂ ಬೀಳದ ಎಡೆಯಲ್ಲಿ ಮಾಡಬೇಕಾದ ಒಂದು ಕೆಲಸವನ್ನು, ಕೂಲಿ ಕೊಡುವವನೇ ‘ಬೇಡ, ಬಿಟ್ಟುಬಿಡು’ ಎಂದ ಮೇಲೆಯೂ, ಕೆಲಸಗಾರನು ಮಾಡಬೇಕೆ? ಮಾಡಬೇಕಾದರೆ ಆ ಋಣವು ಯಾರಿಗೆ ಸಲ್ಲತಕ್ಕದ್ದು?

ಮೊದಲು ಯಂತ್ರದ ವಿಚಾರ. 1983ರ ಡಿಸೆಂಬರಿನಲ್ಲಿ ನಮ್ಮ ದೇಶದಲ್ಲಿ ಮಾರುತಿ 800 ಎಂಬ ಕಾರು ಹೊರಬಂದಾಗ ಅದರ ಗಾಜುಗಳನ್ನು ಏರಿಸಿ ಇಳಿಸುವುದಕ್ಕೆ ಕೈಯಿಂದ ತಿರುಗಿಸುವ ಹಿಡಿಕೆಯಿತ್ತು. ಒಳಗೆ ಏನಾದರೂ ತೊಡಕಾದರೆ ತಿರುಗಿಸುವವನ ಮಣಿಕಟ್ಟಿಗೆ ಅದು ತಿಳಿಯುತ್ತಿತ್ತು. ಈಗ ಹಿಡಿಕೆಯ ಸ್ಥಾನದಲ್ಲಿ ಗುಂಡಿ ಬಂದಿದೆ. ಇದು ಹೊರದೇಶಗಳಿಗೆ ಹೊಸತೇನೂ ಅಲ್ಲ. ಅಮೆರಿಕದ ಪ್ಯಾಕಾರ್ಡ್ ಕಾರುಗಳಲ್ಲಿ 1940ರಲ್ಲಿಯೇ ದ್ರವದ ಒತ್ತಡದಿಂದ ಗಾಜನ್ನು ಏರಿಸುವ ಏರ್ಪಾಡಿತ್ತು. ಈಗಿನ ಕಾರುಗಳಲ್ಲಿಯಾದರೋ ಬಾಗಿಲಿನ ಎರಡು ತಗಡುಗಳ ನಡುವಣ ಪೊಳ್ಳಿನಲ್ಲಿ ಹನ್ನೆರಡು ವೋಲ್ಟಿನ ಸಣ್ಣ ಮೋಟಾರೊಂದು ಕುಳಿತಿರುತ್ತದೆ. ಅದರ ಅಚ್ಚಿನ ತುದಿಯಲ್ಲಿ ತಿರುಪು. ತಿರುಪಿಗೆ ಹೊಂದಿಕೊಂಡು ಹಲ್ಲುಚಕ್ರ. ಚಕ್ರದಿಂದ ಎಳೆಯಲ್ಪಡುವ ಉಕ್ಕಿನ ಹುರಿ. ಹುರಿಗೆ ಸಿಕ್ಕಿಸಿದ ಗಾಜಿನ ಬುಡ. ಗುಂಡಿಯನ್ನು ಒಂದು ಕಡೆಗೆ ಒತ್ತಿದರೆ ವಿದ್ಯುತ್ತು ಒಂದು ದಿಕ್ಕಿನಲ್ಲಿ ಹರಿದು ಗಾಜು ಏರುತ್ತದೆ. ಇನ್ನೊಂದು ಕಡೆಗೆ ಒತ್ತಿದರೆ ಪ್ರವಾಹವು ತಿರುಗುಮುರುಗಾಗಿ ಗಾಜು ಇಳಿಯುತ್ತದೆ. ತಿರುಪು ಚಕ್ರವನ್ನು ತಿರುಗಿಸಬಲ್ಲುದು, ಚಕ್ರವು ತಿರುಪನ್ನು ತಿರುಗಿಸಲಾರದು. ಆದುದರಿಂದಲೇ ಮೋಟಾರು ನಿಂತರೂ ಗಾಜು ತನ್ನ ಭಾರಕ್ಕೆ ಕುಸಿಯದೆ ಇದ್ದಲ್ಲಿಯೇ ನಿಲ್ಲುತ್ತದೆ. ನಮ್ಮ ಗಾಜು ನಿಂತದ್ದೂ ಹಾಗೆಯೇ.

ಅದು ಒಂದೇ ಸಲಕ್ಕೆ ಕೆಟ್ಟದ್ದಲ್ಲ. ತಿಂಗಳೆರಡರಿಂದಲೂ ಗುಂಡಿಯೊತ್ತಿದಾಗ ಒಮ್ಮೊಮ್ಮೆ ಸುಮ್ಮನಿರುತ್ತಿತ್ತು; ಬಾಗಿಲಿಗೆ ಅಂಗೈಯಿಂದ ಎರಡು ಗುದ್ದು ಕೊಟ್ಟರೆ ಎಚ್ಚತ್ತು ಕೆಲಸ ಮಾಡುತ್ತಿತ್ತು. ಗುದ್ದಿದರೆ ಸರಿಹೋಗುವುದೆಂಬ ನಂಬುಗೆ ಹಳೆಯ ಉಪಾಧ್ಯಾಯರಿಗೆ ಸಹಜವಾದುದು. ಗುದ್ದಿನಿಂದ ಆ ಗಳಿಗೆ ಸಾಗಿತೇ ಹೊರತು ಒಳಗಿನ ಕೊರತೆ ಬೆಳೆಯುತ್ತಲೇ ಹೋಯಿತು.

ಪಟ್ಟಣದ ದೊಡ್ಡ ಕಾರ್ಖಾನೆಯೊಂದರಲ್ಲಿ ವಿಚಾರಿಸಲು, ಬಾಗಿಲನ್ನು ಬಿಚ್ಚದೆಯೇ, ಮೋಟಾರು, ಹುರಿ, ಕಂಬಿ ಎಲ್ಲವನ್ನೂ ಒಟ್ಟಿಗೆ ಬದಲಿಸಬೇಕೆಂದು ಹೇಳಿದರು. ಹೇಳಿದ ಬೆಲೆಯನ್ನು ಕೇಳಿ ನಾನು ತಂಬ್ರಹಳ್ಳಿಗೆ ಹಿಂದಿರುಗಿದೆನು. ಬಳಿಕ ಹಗರಿಬೊಮ್ಮನಹಳ್ಳಿಯ ಒಂದು ಸಣ್ಣ ಗ್ಯಾರೇಜಿಗೆ ಹೋದೆನು. ಅದನ್ನು ನಡೆಯಿಸುವವನು ಇಪ್ಪತ್ತೈದು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಎರಡು ವರ್ಷ ಕುಳಿತಿದ್ದವನು. ಅವನೇ ಗುರುತು ಹೇಳಿಕೊಂಡನು; ಮುಖ ನೆನಪಾಯಿತು. ಶಿಷ್ಯನೆಂಬ ಮಾತ್ರಕ್ಕೆ ನನ್ನ ಮನಸ್ಸಿನ ಸಂಶಯ ಹೋಯಿತೆಂದು ತಿಳಿಯಬಾರದು. ಕೌಟಿಲ್ಯನು ತನ್ನ ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣವನ್ನು ಕುಶಲಕರ್ಮಿಗಳಿಂದ ಪ್ರಜೆಗಳನ್ನು ಕಾಪಾಡುವ ಪ್ರಕರಣದಿಂದಲೇ ಆರಂಭಿಸಿ, ನೇಯ್ಗೆಯವನು ನೂಲನ್ನು ಕದ್ದರೆ ಇಷ್ಟು ದಂಡ, ಅಕ್ಕಸಾಲೆಯು ಚಿನ್ನವನ್ನು ಕದ್ದರೆ ಇಷ್ಟು ದಂಡ ಎಂದು ವಿಧಿಸುತ್ತ, ಕಳ್ಳರೆಂಬ ಹೆಸರಿಲ್ಲದ ಕಳ್ಳರ ಸಾಲಿನಲ್ಲಿ ವರ್ತಕರನ್ನೂ ಕುಶಲಕರ್ಮಿಗಳನ್ನೂ ನಿಲ್ಲಿಸುತ್ತಾನೆ. ಗ್ಯಾರೇಜಿನ ಬೆಂಚಿನ ಮೇಲೆ ಕುಳಿತ ನಮ್ಮಲ್ಲಿ ಹೆಚ್ಚಿನವರೆಲ್ಲ ಕೌಟಿಲ್ಯನ ಶಿಷ್ಯರೇ. ಹಳೆಯದನ್ನು ಉಜ್ಜಿ ಹೊಸತೆಂದು ಹಾಕಿಯಾನೇ? ಕೆಡದೆ ಇರುವುದನ್ನು ಕೆಟ್ಟಿತೆಂದಾನೇ? ಬಾಗಿಲೊಳಗೆ ಏನು ನಡೆಯಿತೆಂಬುದು ನಮಗೆ ಗೊತ್ತಾಗುವುದಾದರೂ ಹೇಗೆ?

ಆ ಯುವಕನು ಮಾಡಿದ ಪರೀಕ್ಷೆಯ ಕ್ರಮವನ್ನು ಸ್ವಲ್ಪ ವಿಸ್ತರಿಸಿ ಹೇಳುತ್ತೇನೆ. ಪಾಠಶಾಲೆಯಲ್ಲಿ ತರ್ಕಸಂಗ್ರಹವನ್ನು ಓದಿದವರಿಗೆ ಅದರಲ್ಲಿ ರುಚಿಯುಂಟು. ಮೋಟಾರು ಸತ್ತರೆ ಗಾಜು ಚಲಿಸದು, ನಿಜ. ಆದರೆ ಗಾಜು ಚಲಿಸದಿದ್ದ ಮಾತ್ರಕ್ಕೆ ಮೋಟಾರು ಸತ್ತಿದೆಯೆನ್ನುವುದು ಬೆಂಕಿಯಿರುವೆಡೆಯಲ್ಲೆಲ್ಲ ಹೊಗೆಯಿದೆಯೆಂದಂತೆ. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಫ್ಯೂಸು ಸುಟ್ಟಿರಬಹುದು, ಗುಂಡಿಯೊಳಗಣ ತಾಮ್ರದ ನಾಲಗೆ ಕಪ್ಪಾಗಿರಬಹುದು, ಬಾಗಿಲ ಕೀಲಿನ ಬಳಿ, ತೆರೆದು ಮುಚ್ಚುವಾಗಲೆಲ್ಲ ಬಾಗಿ ಬಾಗಿ, ರಬ್ಬರಿನ ಕೊಳವೆಯೊಳಗೆ ವೈರು ತುಂಡಾಗಿರಬಹುದು, ಹುರಿ ಹರಿದಿರಬಹುದು. ಪಟ್ಟಣದವರು ಈ ವಿಕಲ್ಪಗಳನ್ನು ಒಂದನ್ನೂ ನೋಡದೆ ನಿರ್ಣಯ ಕೊಟ್ಟಿದ್ದರು. ಇವನು ಬಾಗಿಲಿನ ಒಳಹೊದಿಕೆಯನ್ನು ಬಿಚ್ಚಿ, ಗಾಜನ್ನು ಕೈಯಿಂದ ಮೇಲೆತ್ತಿ ಬೀಳದಂತೆ ಚೌಕಟ್ಟಿಗೆ ಅಂಟುಪಟ್ಟಿಯಿಂದ ಬಿಗಿದನು. ಹಾಗೆತ್ತಿದಾಗಲೇ ಹುರಿಯೂ ಕಂಬಿಯೂ ಸಲೀಸಾಗಿವೆಯೆಂದು ಅವನ ಕೈಗೆ ತಿಳಿಯಿತು. ಎತ್ತುವುದಕ್ಕೆ ಮುನ್ನ ಮೋಟಾರನ್ನು ಹುರಿಯ ಚಕ್ರದಿಂದ ಮೂರು ಸ್ಕ್ರೂ ಬಿಚ್ಚಿ ಬೇರ್ಪಡಿಸಿದ್ದನೆಂಬುದನ್ನೂ ಇಲ್ಲಿ ಹೇಳಬೇಕು. ಇಲ್ಲವಾದರೆ ತಿರುಪು ಬಿಡುತ್ತಿರಲಿಲ್ಲ. ಅನಂತರ ಮೋಟಾರಿಗೆ ಬರುವ ವೈರಿನ ತುದಿಗೆ ಸಣ್ಣ ದೀಪವೊಂದನ್ನು ಹಚ್ಚಿ ನನಗೆ ಗುಂಡಿಯನ್ನು ಒತ್ತಹೇಳಿದನು. ದೀಪ ಬೆಳಗಿತು, ಮತ್ತೊಂದು ಕಡೆಗೆ ಒತ್ತಿದಾಗಲೂ ಬೆಳಗಿತು. ಅಲ್ಲಿಗೆ ಫ್ಯೂಸು, ಗುಂಡಿ, ವೈರು ಈ ಮೂರೂ ನಿರ್ದೋಷಿಗಳಾದುವು. ಕಡೆಗೆ ಬ್ಯಾಟರಿಯಿಂದಲೇ ನೇರವಾಗಿ ಎರಡು ವೈರುಗಳನ್ನು ಮೋಟಾರಿಗೆ ಮುಟ್ಟಿಸಿದನು. ಅದು ಅಲುಗಲಿಲ್ಲ.

ಅನ್ವಯವ್ಯತಿರೇಕಗಳೆರಡನ್ನೂ ಇಷ್ಟು ಚೊಕ್ಕವಾಗಿ ಪ್ರಯೋಗಿಸಿದುದನ್ನು ನಾನು ವಾಕ್ಯಾರ್ಥಸಭೆಗಳಲ್ಲಿಯೂ ಹೆಚ್ಚಾಗಿ ಕಂಡಿಲ್ಲ. ಆದರೂ, ಸತ್ಯವನ್ನು ಹೇಳಬೇಕಾದರೆ, ನನ್ನ ಸಂಶಯ ಪೂರ್ತಿ ಹೋಗಲಿಲ್ಲ. ದೀಪವನ್ನು ಹಿಡಿದವನೂ ಅವನೇ, ಬ್ಯಾಟರಿಯ ವೈರನ್ನು ಮುಟ್ಟಿಸಿದವನೂ ಅವನೇ. ಸರಿಯಾಗಿ ಮುಟ್ಟಿಸಿದನೋ ಇಲ್ಲವೋ ನಾನೇನು ಬಲ್ಲೆ? ಪ್ರಯೋಗವು ಕಣ್ಣೆದುರಿಗೆ ನಡೆದರೂ ಅದನ್ನು ಅರಿಯಲು ಬೇಕಾದ ಕಣ್ಣು ನನ್ನಲ್ಲಿರಲಿಲ್ಲ. ಅವನು ಮೋಟಾರಿನ ಹೊದಿಕೆಯನ್ನು ತೆಗೆದು ತೋರಿಸಿದನು: ಒಳಗೆ ತುಕ್ಕಿನ ನೀರು, ತಿರುಗುವ ಭಾಗಕ್ಕೆ ವಿದ್ಯುತ್ತನ್ನು ಮುಟ್ಟಿಸುವ ಇದ್ದಿಲ ತುಂಡುಗಳೆರಡೂ ಸವೆದು ಚೂರಾಗಿದ್ದುವು. ನಮ್ಮ ಗುದ್ದಿಗೆ ಎಚ್ಚರಗೊಳ್ಳುತ್ತಿದ್ದುದು ಈ ಚೂರುಗಳೇ. ಹೊಸ ಮೋಟಾರು ತರಿಸಿದ್ದಾಯಿತು. ಹುರಿಯೂ ಕಂಬಿಯೂ ಹಳೆಯವೇ ಉಳಿದುವು. ಖರ್ಚು ಪಟ್ಟಣದವರು ಹೇಳಿದುದರಲ್ಲಿ ಅರ್ಧಕ್ಕಿಂತ ಕಡಮೆಯಾಯಿತು. ಗಾಜು ಏರಿತು, ಇಳಿಯಿತು. ನನ್ನ ಮಟ್ಟಿಗೆ ಕೆಲಸ ಮುಗಿದಿತ್ತು.

ಅವನ ಮಟ್ಟಿಗೆ ಮುಗಿದಿರಲಿಲ್ಲ. ನೀರು ಬಂದುದೆಲ್ಲಿಂದ ಎಂದು ನೋಡಬೇಕೆಂದನು. ಬಾಗಿಲ ಪೊಳ್ಳಿನೊಳಕ್ಕೆ ಮಳೆನೀರು ಇಳಿಯುತ್ತದೆಂಬುದನ್ನು ನಾನು ಈ ವಯಸ್ಸಿನವರೆಗೂ ಅರಿತಿರಲಿಲ್ಲ. ಗಾಜಿನ ಹೊರಮೈಯಲ್ಲಿ ಹರಿದ ನೀರಿನಲ್ಲಿ ಸ್ವಲ್ಪ ರಬ್ಬರಿನ ಅಂಚನ್ನು ದಾಟಿ ಒಳಗೆ ಬಂದೇ ಬರುತ್ತದೆ. ಅದು ಹೊರಕ್ಕೆ ಹೋಗಲೆಂದೇ ಬಾಗಿಲಿನ ಅಡಿಯ ಅಂಚಿನಲ್ಲಿ ಸಣ್ಣ ರಂಧ್ರಗಳನ್ನು ಇಟ್ಟಿರುತ್ತಾರೆ. ನಮ್ಮ ಸೀಮೆಯ ಎರೆಮಣ್ಣಿನ ಕೆಸರು ಆ ರಂಧ್ರಗಳನ್ನು ಮುಚ್ಚಿತ್ತು. ಇನ್ನೊಂದು ರಕ್ಷೆಯುಂಟು. ಪೊಳ್ಳಿಗೂ ಒಳಹೊದಿಕೆಗೂ ನಡುವೆ ಪ್ಲಾಸ್ಟಿಕ್ಕಿನ ಹಾಳೆಯೊಂದನ್ನು ಕಪ್ಪು ಅಂಟಿನಿಂದ ಸುತ್ತಲೂ ಅಂಟಿಸಿರುತ್ತಾರೆ. ನೀರು ಕುಳಿತವರ ಕಡೆಗೆ ಬಾರದೆ ರಂಧ್ರದ ಕಡೆಗೆ ಇಳಿಯಬೇಕೆಂಬುದು ಅದರ ಉದ್ದೇಶ. ನಮ್ಮ ಬಾಗಿಲಿನಲ್ಲಿ ಹಿಂದೆ ಯಾರೋ ಬಿಚ್ಚಿದವರು ಅದನ್ನು ಹರಿದು ಅರೆವಾಸಿ ಬಿಟ್ಟಿದ್ದರು. ಹೊದಿಕೆಯನ್ನು ಮುಚ್ಚಿದ ಮೇಲೆ ಹಾಳೆಯಿದೆಯೋ ಇಲ್ಲವೋ ಎಂದು ತಿಳಿಯುವುದಕ್ಕೆ ಯಾವ ಉಪಾಯವೂ ಇಲ್ಲ.

ಅವನು ದಪ್ಪ ಪ್ಲಾಸ್ಟಿಕ್ಕನ್ನು ಹಾಸಿ, ಹಳೆಯ ಚೂರುಗಳನ್ನು ಮೇಲಿಟ್ಟು, ಅಳತೆಗೆ ಕತ್ತರಿಸತೊಡಗಿದನು. ಹೊತ್ತು ಇಳಿಯುತ್ತಿತ್ತು, ಬಡಗಣ ಮೋಡ ಕಪ್ಪಾಗುತ್ತಿತ್ತು, ನನಗೆ ಊರು ಸೇರುವ ಅವಸರ. ಆ ಹಾಳೆ ಏತಕ್ಕೆಂದು ಅವನು ವಿವರಿಸಿದ್ದನ್ನು ಕೇಳಿಯೂ ಹೇಳಿದೆನು: “ಅದು ಬೇಡ ಬಿಡು ತಮ್ಮಾ. ಇಷ್ಟು ದಿನ ಇಲ್ಲದೇನೇ ನಡೆದಿಲ್ಲವೆ? ಯಾರು ನೋಡುತ್ತಾರೆ?”

ಅವನು ತಲೆಯೆತ್ತದೆಯೇ ಅಂದನು: “ನೀವು ನೋಡಂಗಿಲ್ಲ ಖರೇರೀ ಮೇಷ್ಟ್ರೇ. ಮುಂದ ಈ ಬಾಗಿಲು ಬಿಚ್ಚಾವನು ನನ್ನಂಥಾವನ ಇರ್ತಾನ. ಅವ ನೋಡ್ತಾನ.”

ಅರ್ಧ ಗಂಟೆಗೂ ಹೆಚ್ಚು ಹೊತ್ತು ಹಿಡಿಯಿತು. ಅಂಟನ್ನು ಸುತ್ತಲೂ ಬೆರಳಿನಿಂದ ಒತ್ತಿ ಒತ್ತಿ ಕೂರಿಸಿದನು. ರಂಧ್ರಗಳ ಕೆಸರನ್ನು ತಂತಿಯಿಂದ ಬಿಡಿಸಿ ಚೊಂಬಿನಿಂದ ನೀರು ಹೊಯ್ದು ಕೆಳಗೆ ಸೋರುವುದನ್ನು ನೋಡಿದನು. ಕಡೆಯಲ್ಲಿ ಹಾಳೆಗೂ ಅಂಟಿಗೂ ಸೇರಿಸಿಯೇ ಲೆಕ್ಕ ಹೇಳಿದನು. ಒಂದು ಪೈಸೆಯನ್ನೂ ಬಿಡಲಿಲ್ಲವೆಂಬುದನ್ನು ಬರೆಯುವುದು ಅಗತ್ಯ. ಇಲ್ಲವಾದರೆ ನಾನು ಇಲ್ಲಿ ಸಂತನೊಬ್ಬನ ಚರಿತ್ರೆಯನ್ನು ಹೇಳುತ್ತಿರುವೆನೆಂದು ಯಾರಾದರೂ ತಿಳಿದಾರು.

ಈ ಸಂಗತಿಯನ್ನು ನಮ್ಮ ಗೋಷ್ಠಿಯಲ್ಲಿ ಹೇಳಿದಾಗ ವಕೀಲರಾದ ಮಿತ್ರರೊಬ್ಬರು ಎರಡು ಆಕ್ಷೇಪಗಳನ್ನು ತಂದರು. ಕರಾರಿನಲ್ಲಿ ಒಬ್ಬನಿಗೆ ಸಲ್ಲತಕ್ಕುದನ್ನು ಅವನೇ ಬಿಟ್ಟುಕೊಟ್ಟರೆ ಇನ್ನೊಬ್ಬನ ಬಾಧ್ಯತೆ ಅಲ್ಲಿಗೇ ಹರಿಯಿತು. ಆದುದರಿಂದ ಅವನು ಮಾಡಿದುದು ಕರ್ತವ್ಯವಲ್ಲ, ಬರಿಯ ಹಟ. ಹಣವನ್ನು ಬೇರೆ ಪಡೆದನು. ಎರಡನೆಯದು: ನೀರು ಬಂದು ಮೋಟಾರು ಮತ್ತೆ ಕೆಟ್ಟರೆ ನೀವು ಅವನನ್ನೇ ದೂರುವಿರಿ, ಆ ಭಯದಿಂದ ಮಾಡಿದನೇ ಹೊರತು ಧರ್ಮದಿಂದಲ್ಲ.

ಎರಡನೆಯದಕ್ಕೆ ಉತ್ತರ ಸುಲಭ. ಲಾಭವಿದ್ದೆಡೆ ಧರ್ಮವಿಲ್ಲವೆಂಬ ನಿಯಮವನ್ನು ಯಾವ ಸ್ಮೃತಿಯೂ ಹೇಳಿಲ್ಲ. ಒಳ್ಳೆಯ ಹೆಸರನ್ನು ಬಯಸಿ ಒಳ್ಳೆಯ ಕೆಲಸ ಮಾಡಿದವನನ್ನು ದೂಷಿಸುವುದಾದರೆ ಲೋಕದಲ್ಲಿ ಉಳಿಯುವವರು ಎಷ್ಟು ಮಂದಿ? ಮೊದಲನೆಯದೇ ಕಠಿನವಾದುದು. ತಿಳಿಯದವನು ಬಿಟ್ಟುಕೊಟ್ಟದ್ದು ಬಿಟ್ಟುಕೊಟ್ಟಂತಾಗದು, ರೋಗಿಯು ‘ಕತ್ತಿಯನ್ನು ತೊಳೆಯಬೇಡ’ವೆಂದರೆ ವೈದ್ಯನು ಕೇಳಬೇಕಾದುದಿಲ್ಲ ಎಂದು ನಾನು ಹೇಳಬಹುದಾಗಿತ್ತು. ಆದರೆ ನಾನು ತಿಳಿಯದವನಾಗಿರಲಿಲ್ಲ. ಅವನು ವಿವರಿಸಿದ್ದನು, ನಾನು ಕೇಳಿದ್ದೆನು, ಕೇಳಿಯೂ ಬೇಡವೆಂದೆನು. ನನ್ನ ಮಟ್ಟಿಗೆ ಅವನ ಋಣ ತೀರಿತ್ತೆಂಬುದನ್ನು ವಕೀಲರಿಗೆ ಒಪ್ಪಿಸಿಕೊಡಬೇಕಾಯಿತು.

ಬಹುದಿನ ಯೋಚಿಸಿದ ಮೇಲೆ ನನಗೆ ತೋರಿದುದು ಇಷ್ಟು. ಒಳ್ಳೆಯ ಕೆಲಸವನ್ನು ಪಡೆಯುವ ನನ್ನ ಹಕ್ಕನ್ನು ನಾನು ಬಿಡಬಹುದು. ಆದರೆ ಕೆಟ್ಟ ಕೆಲಸವನ್ನು ಮಾಡೆನೆಂಬ ಅವನ ಹಕ್ಕನ್ನು ಕಸಿದುಕೊಳ್ಳಲು ನನ್ನ ಕೂಲಿಗೆ ಅಧಿಕಾರವಿಲ್ಲ. ಇವೆರಡೂ ಒಂದೇ ಎಂದು ನಾವು ಭ್ರಮಿಸುತ್ತೇವೆ. ಹಾಳೆಯಿಲ್ಲದ ಬಾಗಿಲನ್ನು ಮುಚ್ಚಿ ಕಳುಹಿಸಿದ್ದರೆ ತೇವವಾಗುವುದು ನನ್ನ ಸೊಸೆಯ ಸೆರಗು, ಇಲ್ಲವೆ ನಾಳೆ ಕಾರನ್ನು ಕೊಂಡವನ ಮಗುವಿನ ಅಂಗಿ. ಅವರ ಪರವಾಗಿ ಬಿಟ್ಟುಕೊಡಲು ನನ್ನನ್ನು ನೇಮಿಸಿದವರಾರು? ಇದಲ್ಲದೆ ಅವನು ತಾನೇ ಹೇಳಿದ ಆ ಮುಂದಿನ ಕೈ. ಸೂರ್ಯಚಂದ್ರರೂ ವಾಯುವೂ ಹೃದಯವೂ ಮನುಷ್ಯನ ನಡತೆಗೆ ಸಾಕ್ಷಿಗಳೆಂದು ನಮ್ಮ ಹಿರಿಯರು ಎಣಿಸಿದ್ದಾರೆ. ಬಾಗಿಲ ಪೊಳ್ಳಿನಲ್ಲಿ ಸೂರ್ಯನಿಲ್ಲ, ಚಂದ್ರನಿಲ್ಲ. ಆದರೆ ಒಂದೊಂದು ಕಸುಬಿಗೂ ಒಂದೊಂದು ಸಭೆಯುಂಟು. ಅದರ ಸದಸ್ಯರು ಒಬ್ಬರನ್ನೊಬ್ಬರು ಕಾಣದೆ, ಕೈಬರಹದಂತೆ ಕೈಗೆಲಸವನ್ನು ಮಾತ್ರ ಕಂಡು, ಗುರುತಿಸಿಕೊಳ್ಳುತ್ತಾರೆ. ನಮ್ಮ ವಚನಕಾರರಲ್ಲಿ ಹುಲ್ಲಿನ ಹಗ್ಗ ಹೊಸೆಯುವ ನುಲಿಯ ಚಂದಯ್ಯನಿಗೂ ಅಕ್ಕಿಯನ್ನಾಯುವ ಲಕ್ಕಮ್ಮನಿಗೂ ಸ್ಥಾನ ದೊರೆತದ್ದನ್ನು ನಾವು ಸಮತೆಯ ಮಾತಾಗಿ ಮಾತ್ರ ಓದುವುದು ವಾಡಿಕೆ. ಗಂಡನು ಹೆಚ್ಚಾಗಿ ತಂದ ಅಕ್ಕಿಯನ್ನು ಲಕ್ಕಮ್ಮ ಹಿಂದಕ್ಕೆ ಕಳುಹಿಸಿದಳೆಂಬ ಕಥೆಯಲ್ಲಿ ಅಳತೆಯನ್ನು ಕುರಿತ ಒಂದು ನಿಷ್ಠುರವೂ ಇದೆ. ಸಲ್ಲುವಷ್ಟು, ಅದಕ್ಕಿಂತ ಹೆಚ್ಚಲ್ಲ. ನನ್ನ ಶಿಷ್ಯನು ಹಾಳೆಯ ಬೆಲೆಯನ್ನು ಬಿಡದೆ ಪಡೆದುದೂ ಈ ಅಳತೆಗೆ ಹೊರತಲ್ಲವೆಂದು ನನ್ನ ಎಣಿಕೆ.

ಈಗ ಆಪ್ತವಾಕ್ಯದ ವಿಚಾರಕ್ಕೆ ಬರುತ್ತೇನೆ. ಶಬ್ದವೂ ಒಂದು ಪ್ರಮಾಣವೆಂದು ಹೇಳುವ ನೈಯಾಯಿಕರು ಆ ಶಬ್ದವು ಆಪ್ತನದಾಗಿರಬೇಕೆನ್ನುತ್ತಾರೆ. ಪಾಠಶಾಲೆಯಲ್ಲಿ ನಾವು ಆಪ್ತನೆಂದೊಡನೆ ಜಟೆಯನ್ನೂ ವಲ್ಕಲವನ್ನೂ ಭಾವಿಸಿಕೊಳ್ಳುತ್ತಿದ್ದೆವು. ಭಾಷ್ಯಕಾರನಾದ ವಾತ್ಸ್ಯಾಯನನು ಹಾಗೆ ಹೇಳಿಲ್ಲ. ವಸ್ತುವನ್ನು ನೇರವಾಗಿ ಅರಿತಿರಬೇಕು, ಅರಿತಂತೆಯೇ ತಿಳಿಸಬೇಕೆಂಬ ಇಚ್ಛೆಯಿಂದ ಮಾತನಾಡಬೇಕು. ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಒಂದೇ ಎಂದು ಅವನ ಅಭಿಪ್ರಾಯ. ನಲವತ್ತು ವರ್ಷ ಈ ಮಾತನ್ನು ಬಲ್ಲೆನೆಂದುಕೊಂಡಿದ್ದೆನು. ಗ್ಯಾರೇಜಿನ ಬೆಂಚಿನ ಮೇಲೆ ಅದು ನನ್ನ ನೆರವಿಗೆ ಬರಲಿಲ್ಲ. ಪರೀಕ್ಷೆ ಮಾಡಿ ತೋರಿಸಿದಾಗಲೂ, ಸವೆದ ಇದ್ದಿಲನ್ನು ಅಂಗೈಮೇಲೆ ಇಟ್ಟಾಗಲೂ ನನ್ನಲ್ಲಿ ಉಳಿದಿದ್ದ ಸಂಶಯವು, ನಾನು ಬೇಡವೆಂದ ಹಾಳೆಯನ್ನು ಅವನು ಅಂಟಿಸುತ್ತಿದ್ದುದನ್ನು ಕಂಡ ಕೂಡಲೆ ಇಲ್ಲವಾಯಿತು. ಮೋಟಾರು ಕೆಟ್ಟಿದೆಯೆಂಬ ಅವನ ಮಾತಿಗೆ ಪ್ರಾಮಾಣ್ಯವನ್ನು ತಂದುಕೊಟ್ಟದ್ದು ಮೋಟಾರಿಗೆ ಸಂಬಂಧಿಸದ ಆ ಹಾಳೆ. ಇದನ್ನು ಯಾವ ಪ್ರಮಾಣದಲ್ಲಿ ಸೇರಿಸಬೇಕೋ ಬಲ್ಲವರು ಹೇಳಬೇಕು.

ಇದು ಒಂದು ಕಾರಿನ ಬಾಗಿಲಿನ ಮಾತಾಗಿಯೇ ಉಳಿದಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ನಮ್ಮ ಸೀಮೆಯ ಅಂಚಿಗೆ ತುಂಗಭದ್ರೆಯ ಹಿನ್ನೀರು ನಿಲ್ಲುತ್ತದೆ. ಆ ಅಣೆಕಟ್ಟಿನ ಮೇಲುಭಾಗದಲ್ಲಿ 33 ಗೇಟುಗಳುಂಟು. ಅವೂ ಏರಿ ಇಳಿಯುವ ಕಿಟಕಿಗಳೇ, ಹುರಿಯ ಬದಲು ಸರಪಳಿ. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋದುದನ್ನು ನಮ್ಮ ವಿಜಯನಗರ ಜಿಲ್ಲೆಯಲ್ಲಿ ಮರೆತವರಿಲ್ಲ. ಎರಡು ಬೆಳೆಗೆಂದು ನಿಲ್ಲಿಸಿದ್ದ ನೀರು ಹಗಲಿರುಳೂ ಹೊರಗೆ ಹರಿಯಿತು; ರೈತರು ಸೇತುವೆಗಳ ಮೇಲೆ ನಿಂತು ನೋಡಿದರು. ವಾರವೊಂದರೊಳಗೆ, ಗೇಟುಗಳ ತಜ್ಞರಾದ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲಿಯೇ ಉಕ್ಕಿನ ತಡೆಹಲಗೆಗಳನ್ನು ಒಂದರ ಮೇಲೊಂದಾಗಿ ಇಳಿಸಿ ಆ ಬಾಯನ್ನು ಮುಚ್ಚಿದರು. ಆಗ ಎಲ್ಲರೂ ಆ ಕೆಲಸಗಾರರನ್ನು ಹೊಗಳಿದೆವು, ಹೊಗಳಬೇಕಾದುದೇ. ನಾನು ಆಮೇಲೆ ನೆನೆದದ್ದು ಬೇರೆಯವರನ್ನು. 1953ರಲ್ಲಿ ಜಲಾಶಯದಲ್ಲಿ ನೀರು ನಿಂತಂದಿನಿಂದ ಎಪ್ಪತ್ತು ವರ್ಷ ಆ 33 ಗೇಟುಗಳ ಕೊಂಡಿಗಳನ್ನು ಮೊದಲು ಕಾಸಿ ಬಡಿದವರು, ಬಳಿಕ ಮಳೆಗಾಲಕ್ಕೆ ಮುನ್ನ ಗ್ರೀಸು ಸವರಿದವರು. ಅವರ ಹೆಸರು ಯಾವ ಪತ್ರಿಕೆಯಲ್ಲಿಯೂ ಬಂದುದಿಲ್ಲ. ಒಂದು ದಿನವೂ ಸುದ್ದಿಯಾಗದಿರುವುದೇ ಅವರ ಕೆಲಸ ನೆಟ್ಟಗಿದ್ದುದಕ್ಕೆ ಗುರುತು.

ಇನ್ನೊಂದು ಮಾತಿದೆ. ಅದನ್ನು ಬರೆಯಬೇಕೋ ಬೇಡವೋ ಎಂದು ಎರಡು ತಿಂಗಳು ತೂಗಿದೆನು. ‘ಯಾರು ನೋಡುತ್ತಾರೆ’ ಎಂಬ ಆ ನುಡಿ ನನ್ನ ಬಾಯಲ್ಲಿ ಅಷ್ಟು ಸುಲಭವಾಗಿ ಬಂದುದು ಅಭ್ಯಾಸವಿಲ್ಲದೆ ಅಲ್ಲ. ಶಾಲೆಯಲ್ಲಿ ವಾರಕ್ಕೊಮ್ಮೆ ಪ್ರಬಂಧದ ಪುಸ್ತಕಗಳು ನನ್ನ ಮೇಜಿನ ಮೇಲೆ ಬೀಳುತ್ತಿದ್ದುವು, ಅರುವತ್ತು, ಎಪ್ಪತ್ತು. ಮೇಲಿನ ಇಪ್ಪತ್ತನ್ನು ಅಕ್ಷರ ಬಿಡದೆ ಓದಿ ತಿದ್ದುತ್ತಿದ್ದೆನು, ನಡುವಿನವನ್ನು ಕಣ್ಣಾಡಿಸುತ್ತಿದ್ದೆನು, ದೀಪ ಹಚ್ಚುವ ಹೊತ್ತಿಗೆ ಅಡಿಯಲ್ಲಿ ಉಳಿದುವಕ್ಕೆ ಪುಟ ತಿರುವಿ ಕೆಂಪು ಗೆರೆಯೆಳೆದು ರುಜು ಹಾಕುತ್ತಿದ್ದೆನು. ತಂದೆತಾಯಂದಿರಲ್ಲಿ ಅನೇಕರಿಗೆ ಓದು ಬಾರದು. ಮೇಲಧಿಕಾರಿಗಳು ರುಜುವನ್ನು ಎಣಿಸುತ್ತಿದ್ದರು. ಹುಡುಗರಿಗೆ ಕೆಂಪು ಗೆರೆ ಕಂಡರೆ ಸಂತೋಷ. ಹೊದಿಕೆ ಸರಿಯಾಗಿ ಮುಚ್ಚಿತ್ತು, ಒಳಗೆ ಹಾಳೆಯಿರಲಿಲ್ಲ. ಆ ವಾಕ್ಯಗಳಲ್ಲಿ ನಿಂತ ನೀರು ಯಾವ ಯಾವ ಮಕ್ಕಳ ವಿದ್ಯೆಯಲ್ಲಿ ತುಕ್ಕಾಗಿ ಕುಳಿತಿತೋ ನನಗೆ ತಿಳಿಯದು. ಮುಂದಿನ ತರಗತಿಯ ಉಪಾಧ್ಯಾಯರು ಪುಸ್ತಕವನ್ನು ತೆರೆದಾಗ ನೋಡಿಯೇ ಇರಬೇಕು, ಅವರೂ ನನ್ನಂಥವರೇ.

ಗ್ಯಾರೇಜಿನಲ್ಲಿ ಅವನು ತನ್ನ ಗುರುತು ಹೇಳಿಕೊಂಡಾಗ ಮುಖ ನೆನಪಾಯಿತೆಂದು ಮೇಲೆ ಬರೆದೆನಷ್ಟೆ. ಅವನ ಪ್ರಬಂಧದ ಪುಸ್ತಕ ನೆನಪಾಗಲಿಲ್ಲ. ಆ ಕಟ್ಟಿನಲ್ಲಿ ಅದು ಎಲ್ಲಿರುತ್ತಿತ್ತೆಂದು ಅವನನ್ನು ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ. ಮೊನ್ನೆ ಆ ದಾರಿಯಲ್ಲಿ ಹೋದಾಗ ಇಳಿದೆನು. ಬೇರೊಂದು ಕಾರಿನ ಬಾಗಿಲೊಳಗೆ ಮೊಣಕೈವರೆಗೆ ಕೈಯಿಟ್ಟುಕೊಂಡು ನಿಂತಿದ್ದನು. ಗಾಜು ಹೇಗಿದೆಯೆಂದು ಅವನೇ ಕೇಳಿದನು. ಚೆನ್ನಾಗಿದೆಯೆಂದೆನು. ಅಡಿಯ ರಂಧ್ರಗಳನ್ನು ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಪೊರಕೆಯ ಕಡ್ಡಿಯಿಂದ ಬಿಡಿಸುತ್ತಿರಬೇಕೆಂದು ಮತ್ತೆ ನೆನಪು ಮಾಡಿದನು. ಬಿಡಿಸುತ್ತಿದ್ದೇನೆ.